ಬಾಡಿಗೆ ಉಳಿಯಿತು, ಕಚೇರಿ ಉಳಿಯಿತೇ?

ಶಾಶ್ವತ ಎಂಬ ಪದಕ್ಕೆ ವ್ಯವಹಾರದಲ್ಲಿ ತೂಕವಿದೆ. ಶಾಶ್ವತ ಖಾತೆ ಸಂಖ್ಯೆ, ಶಾಶ್ವತ ವಿಳಾಸ, ಶಾಶ್ವತ ನಿಧಿ ಎಂದಾಗ ಯಾವ ವ್ಯಾಪಾರಸ್ಥನೂ ಅದನ್ನು ಹಗುರವಾಗಿ ಪರಿಗಣಿಸುವುದಿಲ್ಲ. ಆದರೆ ‘ಶಾಶ್ವತವಾಗಿ ಮನೆಯಿಂದ ಕೆಲಸ’ ಎಂಬ ಮಾತಿನ ವಿಷಯದಲ್ಲಿ ಈ ಎಚ್ಚರ ಕಂಡುಬಂದಿಲ್ಲ. 2020ರ ಮಾರ್ಚ್ 25ರಂದು ರಾಷ್ಟ್ರವ್ಯಾಪಿ ಲಾಕ್‌ಡೌನ್ ಜಾರಿಯಾದಾಗ ಬೆಂಗಳೂರಿನ ಅಸಂಖ್ಯ ಕಚೇರಿಗಳು ಕೆಲವೇ ದಿನಗಳಲ್ಲಿ ನೌಕರರ ಮನೆಗಳಿಗೆ ಸ್ಥಳಾಂತರಗೊಂಡವು. ಅದೇ ಏಪ್ರಿಲ್‌ನಲ್ಲಿ ಟಾಟಾ ಕನ್ಸಲ್ಟೆನ್ಸಿ ಸರ್ವೀಸಸ್ ಸಂಸ್ಥೆಯು, 2025ರ ವೇಳೆಗೆ ತನ್ನ ಸಿಬ್ಬಂದಿಯಲ್ಲಿ ಶೇ. 25ಕ್ಕಿಂತ ಹೆಚ್ಚು ಮಂದಿ ಏಕಕಾಲಕ್ಕೆ ಕಚೇರಿಯಲ್ಲಿರುವ ಅಗತ್ಯ ಬೀಳದು ಎಂದು ಪ್ರಕಟಿಸಿತು. 2023ರ ಅಕ್ಟೋಬರ್ 1ರಿಂದ ಅದೇ ಸಂಸ್ಥೆ ವಾರದ ಐದೂ ದಿನ ಕಚೇರಿಗೆ ಬರುವಂತೆ ಸಿಬ್ಬಂದಿಗೆ ಸೂಚಿಸಿತು. ಹೊರದೇಶಗಳಲ್ಲಿಯೂ ಇದೇ ಕಥೆ: ಅಮೆಜಾನ್ 2025ರ ಜನವರಿಯಿಂದ ಐದು ದಿನಗಳ ಹಾಜರಾತಿಗೆ ಮರಳಿತು.

ಮಾರುಕಟ್ಟೆ ಬದಲಾದಂತೆ ನಿರ್ಧಾರವನ್ನು ಬದಲಿಸುವ ಹಕ್ಕು ಸಂಸ್ಥೆಗಿದೆ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ನಿರ್ಧಾರಕ್ಕೂ ಅದರ ಬದಲಾವಣೆಗೂ ನಡುವಿನ ಅವಧಿಯಲ್ಲಿ ಆ ಮಾತನ್ನು ನಂಬಿ ಸಂಸಾರವನ್ನೇ ಸ್ಥಳಾಂತರಿಸಿದವರಿದ್ದಾರೆ. ಬೆಂಗಳೂರಿನ ಬಾಡಿಗೆ ಮನೆಯನ್ನು ಖಾಲಿ ಮಾಡಿ, ಮುಂಗಡ ಹಣವನ್ನು ವಾಪಸು ಪಡೆದು, ಮಕ್ಕಳ ವರ್ಗಾವಣೆ ಪ್ರಮಾಣಪತ್ರ ತಂದು, ಹೊನ್ನಾವರ ತಾಲ್ಲೂಕಿನ ಗೇರುಸೊಪ್ಪದಂತಹ ಊರಿನಲ್ಲಿ ತಂದೆತಾಯಿಯರ ಮನೆಗೆ ಒಂದು ಕೋಣೆ ಕಟ್ಟಿಸಿ, ಇನ್ವರ್ಟರ್ ಕೂರಿಸಿಕೊಂಡ ನೌಕರನಿಗೆ ಒಂದು ಇ-ಮೇಲ್ ಬಂದು ಮುಂದಿನ ತಿಂಗಳಿನಿಂದ ಕಚೇರಿಗೆ ಹಾಜರಾಗಬೇಕೆಂದರೆ, ಅದು ಕೇವಲ ಆಡಳಿತಾತ್ಮಕ ಬದಲಾವಣೆಯಾಗಿ ಉಳಿಯುವುದಿಲ್ಲ. ಅತ್ತ ಸಂಸ್ಥೆಯೂ ಇಕ್ಕಟ್ಟಿಗೆ ಸಿಲುಕುತ್ತದೆ. ಮರಳಲಾಗದವರು ರಾಜೀನಾಮೆ ನೀಡುತ್ತಾರೆ, ಹಾಗೆ ಹೋಗುವವರಲ್ಲಿ ಅನುಭವಿಗಳೂ ಇರುತ್ತಾರೆ.

ಈ ಹಿಂತೆಗೆತಕ್ಕೆ ಸಾಮಾನ್ಯವಾಗಿ ನೀಡಲಾಗುವ ಕಾರಣ, ಮನೆಯಿಂದ ಕೆಲಸ ಸರಿಯಾಗಿ ನಡೆಯಲಿಲ್ಲ ಎಂಬುದು. ವಾಸ್ತವದಲ್ಲಿ ಅನೇಕ ಸಂಸ್ಥೆಗಳು ಅದನ್ನು ನಡೆಸುವ ಪ್ರಯತ್ನವನ್ನೇ ಮಾಡಲಿಲ್ಲ. ಕಟ್ಟಡವನ್ನು ಬಿಟ್ಟವು, ಕಟ್ಟಡವಿದ್ದಾಗಿನ ಆಡಳಿತ ಕ್ರಮವನ್ನು ಮಾತ್ರ ಹಾಗೆಯೇ ಇಟ್ಟುಕೊಂಡವು. ಬಾಡಿಗೆ ಉಳಿದದ್ದು ಲೆಕ್ಕಪತ್ರದಲ್ಲಿ ಕಂಡಿತು. ಕಟ್ಟಡವು ಮೌನವಾಗಿ ಮಾಡುತ್ತಿದ್ದ ಕೆಲಸಗಳು ನಿಂತುಹೋದದ್ದು ಯಾವ ಲೆಕ್ಕಪತ್ರದಲ್ಲಿಯೂ ಕಾಣಲಿಲ್ಲ.

ದೂರದ ವ್ಯವಹಾರ ಈ ಕರಾವಳಿಗೆ ಹೊಸತಲ್ಲ

ಮುಖಾಮುಖಿ ಇಲ್ಲದೆ ವ್ಯವಹಾರ ನಡೆಯದು ಎಂಬ ವಾದವನ್ನು ಗೇರುಸೊಪ್ಪದ ಇತಿಹಾಸವೇ ತಳ್ಳಿಹಾಕುತ್ತದೆ. 1552ರಿಂದ 1606ರವರೆಗೆ ಇಲ್ಲಿಂದ ರಾಜ್ಯವಾಳಿದ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ‘ಕಾಳುಮೆಣಸಿನ ರಾಣಿ’ ಎಂದು ಕರೆದರು. ಘಟ್ಟದ ಕಾಳುಮೆಣಸು ಶರಾವತಿಯಲ್ಲಿ ದೋಣಿಯೇರಿ ಹೊನ್ನಾವರಕ್ಕೆ ಇಳಿದು, ಅಲ್ಲಿಂದ ತಿಂಗಳುಗಟ್ಟಲೆ ಸಮುದ್ರಯಾನ ಮಾಡಿ ಯುರೋಪನ್ನು ಸೇರುತ್ತಿತ್ತು. ಬೆಳೆದವನು ಕೊಂಡವನ ಮುಖವನ್ನು ಎಂದೂ ನೋಡಲಿಲ್ಲ. ಆ ವ್ಯಾಪಾರ ನಿಂತಿದ್ದದ್ದು ತೂಕ, ಅಳತೆ, ಗಡುವು ಮತ್ತು ಬರೆದುಕೊಂಡ ಕರಾರುಗಳ ಮೇಲೆ. ಮುಂದೆ ಭಟ್ಕಳದ ನವಾಯತ ವ್ಯಾಪಾರಿ ಮನೆತನಗಳು ದೂರದ ನಗರಗಳಲ್ಲಿ, ಅನಂತರ ಕೊಲ್ಲಿ ರಾಷ್ಟ್ರಗಳಲ್ಲಿ ಅಂಗಡಿ ನಡೆಸುತ್ತ ಊರಿನ ಮನೆಯ ಸಂಪರ್ಕವನ್ನು ಕಾಗದ, ತಂತಿ, ದೂರವಾಣಿಗಳ ಮೂಲಕ ಉಳಿಸಿಕೊಂಡು ಬಂದವು.

ನೆರೆಯ ಕುಮಟಾದ ಇತಿಹಾಸ ಇನ್ನೊಂದು ಪಾಠವನ್ನು ಹೇಳುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿ ಘಟ್ಟವಿಳಿದು ಕುಮಟಾ ಬಂದರಿಗೆ ಬಂದು ಮುಂಬಯಿಗೆ ಸಾಗುತ್ತಿತ್ತು. 1861ರಿಂದ 1865ರವರೆಗಿನ ಅಮೆರಿಕದ ಅಂತರ್ಯುದ್ಧದಿಂದ ಅಲ್ಲಿನ ಹತ್ತಿಯ ಪೂರೈಕೆ ಕುಸಿದಾಗ ಈ ವ್ಯಾಪಾರ ಭರಾಟೆಯಿಂದ ನಡೆಯಿತು. ಆ ಹತ್ತಿಗೆ ಮಾರುಕಟ್ಟೆಯಲ್ಲಿ ಬೆಳೆದ ಊರಿನ ಹೆಸರು ಬರಲಿಲ್ಲ. ರವಾನೆಯಾದ ಊರಿನ ಹೆಸರು, ಅಂದರೆ ‘ಕುಮಟಾ’ ಎಂಬ ಹೆಸರೇ ನಿಂತಿತು. ಆದರೆ ಶತಮಾನದ ಕೊನೆಯ ದಶಕಗಳಲ್ಲಿ ಹುಬ್ಬಳ್ಳಿಯಿಂದ ಮರ್ಮಗೋವಾ ಬಂದರಿಗೆ ರೈಲು ಮಾರ್ಗವಾದೊಡನೆ ಸರಕು ಆ ದಾರಿ ಹಿಡಿಯಿತು. ಕುಮಟಾದ ವರ್ತಕರ ಶ್ರಮ, ಪ್ರಾಮಾಣಿಕತೆಗಳಲ್ಲಿ ಯಾವ ಕೊರತೆಯೂ ಆಗಿರಲಿಲ್ಲ. ಸಂಪರ್ಕದ ದಾರಿ ಬದಲಾಗಿತ್ತು, ಅಷ್ಟೆ.

ಇಂದಿನ ಸಂಸ್ಥೆಯೊಳಗೂ ಇಂತಹದೇ ಒಂದು ದಾರಿ ಇದೆ. ನಿರ್ಧಾರಗಳು ಎಲ್ಲಿ ಆಗುತ್ತವೆ, ಸುದ್ದಿ ಯಾವ ಮಾರ್ಗವಾಗಿ ಹರಿಯುತ್ತದೆ ಎಂಬುದೇ ಆ ದಾರಿ. ಬೆಂಗಳೂರಿನ ಕಚೇರಿಯ ಮೊಗಸಾಲೆಯಲ್ಲಿ, ಊಟದ ಮೇಜಿನಲ್ಲಿ ತೀರ್ಮಾನಗಳು ಮುಂದುವರಿದರೆ ಗೇರುಸೊಪ್ಪದಲ್ಲಿ ಕುಳಿತ ನೌಕರನ ಸ್ಥಿತಿ ರೈಲು ಬಂದ ಮೇಲಿನ ಕುಮಟಾ ಬಂದರಿನದಾಗುತ್ತದೆ. ಆತನ ಸಾಮರ್ಥ್ಯ ಅಷ್ಟೇ ಇರುತ್ತದೆ. ಆದರೆ ಸರಕು ಆತನ ಮುಂದೆ ಹಾಯುವುದಿಲ್ಲ.

ಇದು ಕೇವಲ ಊಹೆಯಲ್ಲ. ಚೀನಾದ ಸಿಟ್ರಿಪ್ ಪ್ರವಾಸ ಸಂಸ್ಥೆಯ ಕಾಲ್ ಸೆಂಟರ್‌ನಲ್ಲಿ ನಡೆದ ಒಂಬತ್ತು ತಿಂಗಳ ಪ್ರಯೋಗದ ಫಲಿತಾಂಶವನ್ನು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ನಿಕೊಲಸ್ ಬ್ಲೂಮ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದರು. ಮನೆಯಿಂದ ಕೆಲಸ ಮಾಡಿದವರ ಕಾರ್ಯಸಾಧನೆ ಶೇ. 13ರಷ್ಟು ಏರಿತ್ತು, ಆದರೆ ಸಮಾನ ಸಾಧನೆ ತೋರಿದವರನ್ನು ಹೋಲಿಸಿದಾಗ ಬಡ್ತಿಯ ಪ್ರಮಾಣ ಮನೆಯಲ್ಲಿದ್ದವರಲ್ಲಿ ಕಡಿಮೆಯಿತ್ತು. ಹೆಚ್ಚು ದುಡಿದವರೇ ಕಣ್ಣಿಗೆ ಬೀಳದೆ ಹಿಂದುಳಿದರು.

ಕಟ್ಟಡವು ಮಾಡುತ್ತಿದ್ದ ಕೆಲಸಗಳು

ಕಚೇರಿಯೆಂದರೆ ಮೇಜು, ಕುರ್ಚಿ, ಪಂಖಗಳಷ್ಟೇ ಅಲ್ಲ. ಅದು ಸಂಸ್ಥೆಯ ನೆನಪಿನ ಉಗ್ರಾಣ. ಯಾವ ಗ್ರಾಹಕನಿಗೆ ಯಾವ ದರ ಒಪ್ಪಿಕೊಂಡದ್ದು, ಯಾವ ಕಡತ ಯಾರ ಬಳಿ ಇದೆ ಎಂಬುದು ಹಿರಿಯ ಗುಮಾಸ್ತರ ತಲೆಯಲ್ಲಿರುತ್ತಿತ್ತು. ಕೂಗಿ ಕೇಳಿದರೆ ಉತ್ತರ ಸಿಗುತ್ತಿತ್ತು. ಎರಡನೆಯದಾಗಿ ಅದು ಪಾಠಶಾಲೆ. ಹೊಸದಾಗಿ ಸೇರಿದವರು ಹಿರಿಯರ ಪಕ್ಕದಲ್ಲಿ ಕುಳಿತು, ಅವರು ದೂರವಾಣಿಯಲ್ಲಿ ಗ್ರಾಹಕನನ್ನು ಸಮಾಧಾನಪಡಿಸುವ ರೀತಿಯನ್ನು ಕೇಳಿ ಕಲಿಯುತ್ತಿದ್ದರು. ಮೂರನೆಯದಾಗಿ ಅದು ಪರಿಚಯದ ಸ್ಥಳ. ಮಾರಾಟ ವಿಭಾಗದವರಿಗೂ ಲೆಕ್ಕಪತ್ರ ವಿಭಾಗದವರಿಗೂ ಚಹಾದ ಹೊತ್ತಿನಲ್ಲಿ ಗುರುತು ಬೆಳೆಯುತ್ತಿತ್ತು. ನಾಲ್ಕನೆಯದಾಗಿ ಅದು ಗಡಿಯಾರ. ಬಾಗಿಲು ತೆರೆದಾಗ ಕೆಲಸ ಆರಂಭ, ಬೀಗ ಹಾಕಿದಾಗ ಮುಕ್ತಾಯ.

ಈ ನಾಲ್ಕು ಕೆಲಸಗಳಿಗೂ ಯಾರೂ ಪ್ರತ್ಯೇಕ ವೇತನ ಕೊಡುತ್ತಿರಲಿಲ್ಲ. ಕಟ್ಟಡದ ಬಾಡಿಗೆಯಲ್ಲಿಯೇ ಅವು ಸೇರಿದ್ದವು. ಕಟ್ಟಡ ಹೋದ ಮೇಲೆ ಇವು ತಾವಾಗಿ ನಡೆಯಲಾರವು. ಮೈಕ್ರೋಸಾಫ್ಟ್ ಸಂಸ್ಥೆಯ 61,182 ಅಮೆರಿಕನ್ ನೌಕರರ 2020ರ ಮೊದಲ ಆರು ತಿಂಗಳ ಸಂಪರ್ಕ ವಿವರಗಳನ್ನು ಪರಿಶೀಲಿಸಿ 2021ರಲ್ಲಿ ಪ್ರಕಟವಾದ ಅಧ್ಯಯನವು, ಎಲ್ಲರೂ ಮನೆಯಿಂದ ದುಡಿಯತೊಡಗಿದ ಮೇಲೆ ವಿಭಾಗ ವಿಭಾಗಗಳ ನಡುವಿನ ಸೇತುವೆಗಳು ಕಡಿಮೆಯಾಗಿ, ಪ್ರತಿ ಗುಂಪೂ ತನ್ನೊಳಗೇ ಮುಚ್ಚಿಕೊಂಡಿತೆಂದು ತೋರಿಸಿತು. ಆದುದರಿಂದ ಬಾಡಿಗೆಯಲ್ಲಿ ಉಳಿದ ಹಣವನ್ನು ಪೂರ್ತಿ ಲಾಭವೆಂದು ಬರೆದುಕೊಳ್ಳುವುದು ತಪ್ಪು ಲೆಕ್ಕ. ಅದರ ಗಣನೀಯ ಭಾಗವನ್ನು ಈ ನಾಲ್ಕು ಕೆಲಸಗಳಿಗೆ ಮರಳಿ ತೊಡಗಿಸಬೇಕಾದುದು ಅನಿವಾರ್ಯ.

ಮಾತಿನ ಆಡಳಿತದಿಂದ ಬರಹದ ಆಡಳಿತಕ್ಕೆ

ಕರ್ನಾಟಕದ ಸಣ್ಣ ಹಾಗೂ ಮಧ್ಯಮ ಸಂಸ್ಥೆಗಳ ಆಡಳಿತ ಬಹುಪಾಲು ಬಾಯಿಮಾತಿನದು. ಮಾಲೀಕರು ಕರೆದು ಹೇಳುತ್ತಾರೆ, ವ್ಯವಸ್ಥಾಪಕರು ನೆನಪಿಟ್ಟುಕೊಳ್ಳುತ್ತಾರೆ. ಮನೆಯಿಂದ ಕೆಲಸ ಬಂದ ಮೇಲೆ ಇದೇ ಕ್ರಮ ವಾಟ್ಸ್‌ಆ್ಯಪ್ ಗುಂಪಿಗೆ ವರ್ಗವಾಯಿತು. ಫಲವೇನೆಂದರೆ, ಬೆಳಗಿನ ಶುಭಾಶಯ, ದರಪಟ್ಟಿ, ರಜೆಯ ಕೋರಿಕೆ, ಗ್ರಾಹಕನ ದೂರು ಎಲ್ಲವೂ ಒಂದೇ ಪ್ರವಾಹದಲ್ಲಿ ಹರಿದುಹೋಗುತ್ತವೆ. ಮೂರು ತಿಂಗಳ ಹಿಂದೆ ಒಪ್ಪಿಕೊಂಡ ದರ ಎಷ್ಟೆಂದು ಹುಡುಕಲು ಅರ್ಧ ದಿನ ಬೇಕು. ಅದಕ್ಕಿಂತ ಗಂಭೀರವಾದ ಸಂಗತಿಯೆಂದರೆ, ಸಂಸ್ಥೆಯ ದಾಖಲೆ ನೌಕರನ ಸ್ವಂತ ಮೊಬೈಲಿನಲ್ಲಿರುತ್ತದೆ. ಆತ ಕೆಲಸ ಬಿಟ್ಟ ದಿನ ಗ್ರಾಹಕರ ಪಟ್ಟಿಯೂ ಆತನೊಡನೆ ಹೊರಟುಹೋಗುತ್ತದೆ.

ಶಾಶ್ವತವಾಗಿ ದೂರದಿಂದ ನಡೆಯುವ ಸಂಸ್ಥೆಗೆ ಮೊದಲು ಬೇಕಾದುದು ಬರೆಯುವ ಅಭ್ಯಾಸ. ಜಗತ್ತಿನ ಅನುಭವವೂ ಇದನ್ನೇ ಹೇಳುತ್ತದೆ. ಕೇಂದ್ರ ಕಚೇರಿಯೇ ಇಲ್ಲದೆ ಬೆಳೆದು 2021ರಲ್ಲಿ ಅಮೆರಿಕದ ನಾಸ್ಡಾಕ್ ಷೇರುಪೇಟೆಯನ್ನು ಪ್ರವೇಶಿಸಿದ ಗಿಟ್‌ಲ್ಯಾಬ್ ಸಂಸ್ಥೆಯು ತನ್ನ ಕಾರ್ಯವಿಧಾನವನ್ನೆಲ್ಲ ಒಂದು ಬೃಹತ್ ಕೈಪಿಡಿಯಲ್ಲಿ ಬರೆದಿಟ್ಟು ಸಾರ್ವಜನಿಕರಿಗೂ ತೆರೆದಿಟ್ಟಿದೆ. ಯಾರಿಗಾದರೂ ಸಂದೇಹ ಬಂದರೆ ಮೊದಲು ಕೈಪಿಡಿಯನ್ನು ನೋಡುವುದು, ಅಲ್ಲಿ ಉತ್ತರವಿಲ್ಲದಿದ್ದರೆ ಉತ್ತರ ಪಡೆದು ಅಲ್ಲಿ ಸೇರಿಸುವುದು ಅದರ ಪದ್ಧತಿ. ಹತ್ತು ಜನರ ಲೆಕ್ಕಪರಿಶೋಧನಾ ಕಚೇರಿಗೂ ಅಡಿಕೆ ಮಂಡಿಯ ಲೆಕ್ಕ ವಿಭಾಗಕ್ಕೂ ಇದೇ ಪದ್ಧತಿಯನ್ನು ಸಣ್ಣ ಪ್ರಮಾಣದಲ್ಲಿ ಅಳವಡಿಸಲು ಯಾವ ಅಡ್ಡಿಯೂ ಇಲ್ಲ. ಬೇಕಾದುದು ದುಬಾರಿ ತಂತ್ರಾಂಶವಲ್ಲ, ಶಿಸ್ತು.

ಆ ಶಿಸ್ತಿನ ಅಂಶಗಳು ಕೆಲವೇ. ಸಂಸ್ಥೆಯ ಪ್ರತಿಯೊಂದು ನಿರ್ಧಾರವೂ ದಿನಾಂಕ, ಕಾರಣ, ಹೊಣೆಗಾರರ ಹೆಸರುಗಳೊಂದಿಗೆ ಎಲ್ಲರೂ ನೋಡಬಹುದಾದ ಒಂದೇ ನಿರ್ಣಯ ಪುಸ್ತಕದಲ್ಲಿ ದಾಖಲಾಗಬೇಕು. ಅಲ್ಲಿ ಬರೆಯದ ನಿರ್ಧಾರ ನಿರ್ಧಾರವೇ ಅಲ್ಲವೆಂದು ಪರಿಗಣಿಸಬೇಕು. ತುರ್ತು ವಿಷಯಕ್ಕೆ ದೂರವಾಣಿ, ದಿನದೊಳಗೆ ಉತ್ತರ ಬೇಕಾದುದಕ್ಕೆ ಸಂದೇಶ, ಉಳಿಯಬೇಕಾದುದಕ್ಕೆ ಇ-ಮೇಲ್ ಅಥವಾ ಕಡತ ಎಂಬ ವಿಂಗಡಣೆ ಎಲ್ಲರಿಗೂ ತಿಳಿದಿರಬೇಕು. ಸಭೆಗೆ ಮುನ್ನ ಕಾರ್ಯಸೂಚಿ, ಸಭೆಯ ಅನಂತರ ಅದೇ ದಿನ ನಡಾವಳಿ ಹೊರಬೀಳಬೇಕು. ಸಭೆಯಲ್ಲಿ ಒಬ್ಬರು ಪರದೆಯ ಮೇಲಿದ್ದರೂ ಉಳಿದವರೆಲ್ಲರೂ ತಮ್ಮ ತಮ್ಮ ಪರದೆಯಿಂದಲೇ ಭಾಗವಹಿಸಬೇಕು. ಎಂಟು ಮಂದಿ ಒಂದು ಕೋಣೆಯಲ್ಲಿ ನಗುತ್ತಿದ್ದು ಒಂಬತ್ತನೆಯವರು ದೂರದಿಂದ ಕಿವಿಗೊಡುವ ಸಭೆ ಸಭೆಯಲ್ಲ. ಎಲ್ಲಕ್ಕಿಂತ ಮುಖ್ಯವಾಗಿ ಸಂಸ್ಥೆಯ ಮುಖ್ಯಸ್ಥರೇ ಈ ನಿಯಮಗಳನ್ನು ಪಾಲಿಸಬೇಕು. ಮುಖ್ಯಸ್ಥರು ನಿತ್ಯ ಕೇಂದ್ರ ಕಚೇರಿಗೆ ಬಂದು ಎದುರಿಗೆ ಸಿಕ್ಕವರಿಗೆ ಕೆಲಸ ಹಂಚತೊಡಗಿದರೆ, ಆರು ತಿಂಗಳೊಳಗೆ ಮಹತ್ವಾಕಾಂಕ್ಷಿಗಳೆಲ್ಲ ಆ ಕಚೇರಿಯ ಸುತ್ತ ಮನೆ ಹುಡುಕುತ್ತಾರೆ. ನೀತಿ ಕಾಗದದಲ್ಲಿ ಮಾತ್ರ ಉಳಿಯುತ್ತದೆ.

ಭಾಷೆಯ ಪ್ರಶ್ನೆಯೂ ಇಲ್ಲಿ ಬರುತ್ತದೆ. ಬಾಯಿಮಾತಿನಲ್ಲಿ ಕನ್ನಡದಲ್ಲಿಯೇ ಸಲೀಸಾಗಿ ವ್ಯವಹರಿಸುವ ಸಂಸ್ಥೆಗಳು ಬರಹಕ್ಕೆ ಬಂದೊಡನೆ ಇಂಗ್ಲಿಷಿಗೆ ಹೊರಳುತ್ತವೆ. ಆಗ ಅನುಭವಿಯಾದ ಗೋದಾಮು ಮೇಲ್ವಿಚಾರಕರು ಒಂದು ಸಾಲನ್ನೂ ಬರೆಯದೆ ಸುಮ್ಮನಾಗುತ್ತಾರೆ. ಯುನಿಕೋಡ್ ಬಂದು ವರ್ಷಗಳೇ ಕಳೆದಿರುವಾಗ ನಿರ್ಣಯ ಪುಸ್ತಕ ಕನ್ನಡದಲ್ಲಿರಲು ತಾಂತ್ರಿಕ ತೊಡಕೇನೂ ಇಲ್ಲ. ಬಲ್ಲವರ ಅನುಭವ ಬರಹಕ್ಕೆ ಇಳಿಯಬೇಕಾದರೆ ಅದು ಅವರ ಭಾಷೆಯಲ್ಲಿ ಇಳಿಯುವುದೇ ಲೇಸು.

ಕಟ್ಟಡವನ್ನು ಏನು ಮಾಡಬೇಕು?

ಮನೆಯಿಂದ ಕೆಲಸವೆಂದಾಕ್ಷಣ ಕಚೇರಿಯನ್ನು ಪೂರ್ತಿ ಮುಚ್ಚಬಹುದೆಂದು ಭಾವಿಸುವುದು ಸರಿಯಲ್ಲ. ಕಾನೂನು ಅದಕ್ಕೆ ಎಡೆಗೊಡುವುದಿಲ್ಲ. 2013ರ ಕಂಪನಿ ಕಾಯ್ದೆಯ 12ನೆಯ ಕಲಮಿನಂತೆ ಪ್ರತಿ ಕಂಪನಿಗೂ ಪತ್ರವ್ಯವಹಾರವನ್ನು ಸ್ವೀಕರಿಸಿ ಸ್ವೀಕೃತಿ ನೀಡಬಲ್ಲ ನೋಂದಾಯಿತ ಕಚೇರಿ ಇರಲೇಬೇಕು. ವ್ಯವಹಾರ ನಡೆಯುವ ಪ್ರತಿ ಸ್ಥಳದ ಹೊರಗೆ ಕಂಪನಿಯ ಹೆಸರು ಮತ್ತು ನೋಂದಾಯಿತ ವಿಳಾಸದ ಫಲಕವನ್ನು ಆ ಪ್ರದೇಶದ ಭಾಷೆಯ ಲಿಪಿಯಲ್ಲಿಯೂ ಹಾಕಬೇಕು. ಕಂಪನಿ ವ್ಯವಹಾರ ನಡೆಸುತ್ತಿಲ್ಲವೆಂದು ನಂಬಲು ಕಾರಣವಿದ್ದರೆ ಕಂಪನಿ ರಿಜಿಸ್ಟ್ರಾರರು ಆ ಕಚೇರಿಯ ಭೌತಿಕ ಪರಿಶೀಲನೆ ನಡೆಸಬಹುದು. ಜಿಎಸ್‌ಟಿ ನಿಯಮಗಳಂತೆ ನೋಂದಣಿ ಪ್ರಮಾಣಪತ್ರವನ್ನು ಪ್ರಮುಖ ವ್ಯವಹಾರ ಸ್ಥಳದಲ್ಲಿ ಪ್ರದರ್ಶಿಸಿ, ನೋಂದಣಿ ಸಂಖ್ಯೆಯನ್ನು ಪ್ರವೇಶದ್ವಾರದ ಫಲಕದಲ್ಲಿ ನಮೂದಿಸಬೇಕು. ಬಾಗಿಲು ಹಾಕಿದ ವಿಳಾಸಕ್ಕೆ ಬಂದು ಹಿಂದಿರುಗಿದ ಒಂದು ನೋಟಿಸು ಉಳಿಸಿದ ಬಾಡಿಗೆಗಿಂತ ಹೆಚ್ಚಿನ ನಷ್ಟವನ್ನು ತಂದೀತು.

ಆದುದರಿಂದ ಕಟ್ಟಡ ಇರಲಿ. ಆದರೆ ಅದರ ಸ್ವರೂಪ ಬದಲಾಗಲಿ. ಸಾಲುಸಾಲು ಮೇಜುಗಳ ಸಭಾಂಗಣಕ್ಕೆ ಬದಲಾಗಿ, ಅಂಚೆ ಸ್ವೀಕರಿಸುವ ಒಬ್ಬ ಹೊಣೆಗಾರ ಸಿಬ್ಬಂದಿ, ಮೂಲ ದಾಖಲೆಗಳ ಭದ್ರ ಕೋಣೆ, ಗ್ರಾಹಕರೊಡನೆ ಮಾತುಕತೆಗೆ ಒಂದು ಕೊಠಡಿ, ತಂಡವೊಂದು ವಾರ ಕುಳಿತು ಕೆಲಸ ಮಾಡಬಹುದಾದ ಒಂದು ಹಜಾರ ಇಷ್ಟಿದ್ದರೆ ಸಾಕು. ಬೆಂಗಳೂರಿನ ಸ್ವಿಗ್ಗಿ ಸಂಸ್ಥೆ 2022ರಲ್ಲಿ ಬಹುಪಾಲು ಹುದ್ದೆಗಳಿಗೆ ಎಲ್ಲಿಂದಲಾದರೂ ಕೆಲಸ ಮಾಡುವ ಅವಕಾಶವನ್ನು ಪ್ರಕಟಿಸಿದಾಗ, ಮೂರು ತಿಂಗಳಿಗೊಮ್ಮೆ ಒಂದು ವಾರ ತಂಡಗಳು ಒಂದೆಡೆ ಸೇರುವ ಕ್ರಮವನ್ನೂ ಅದರೊಡನೆ ಸೇರಿಸಿತ್ತು. ಹೊಸಬರ ಕಲಿಕೆ ಮತ್ತು ವಿಭಾಗಗಳ ನಡುವಿನ ಪರಿಚಯ ಇಂತಹ ಭೇಟಿಗಳಲ್ಲಿ ಸಾಧ್ಯ. ಪ್ರಯಾಣ ಹಾಗೂ ವಸತಿಯ ಖರ್ಚು ಉಳಿದ ಬಾಡಿಗೆಯಿಂದಲೇ ಹೊರಡಬೇಕಾದುದು ನ್ಯಾಯ.

ಮನೆ ಮತ್ತು ಕೇಂದ್ರ ಕಚೇರಿಗಳ ನಡುವೆ ಮೂರನೆಯ ದಾರಿಯೂ ಇದೆ. ಷೇರು ದಲ್ಲಾಳಿ ಸಂಸ್ಥೆ ಝೆರೋಧಾ 2021ರಲ್ಲಿ ಬಹುಪಾಲು ಸಿಬ್ಬಂದಿಗೆ ಮನೆಯಿಂದಲೇ ಕೆಲಸವೆಂದು ನಿರ್ಧರಿಸಿದಾಗ, ಸಣ್ಣ ಊರುಗಳಲ್ಲಿ ಕಿರು ಕಚೇರಿಗಳನ್ನು ತೆರೆಯುವ ಪ್ರಯೋಗಕ್ಕೆ ಬೆಳಗಾವಿಯನ್ನು ಆರಿಸಿಕೊಂಡಿತು. 1996ರಲ್ಲಿ ಉಡುಪಿಯಲ್ಲಿ ಆರಂಭವಾದ ರೋಬೋಸಾಫ್ಟ್ ಸಂಸ್ಥೆ ಕರಾವಳಿಯ ಊರಿನಿಂದಲೇ ಹೊರದೇಶದ ಗ್ರಾಹಕರಿಗೆ ಕೆಲಸ ಮಾಡಿ ಬೆಳೆದು, 2021ರಲ್ಲಿ ಜಪಾನಿನ ಟೆಕ್ನೋಪ್ರೊ ಸಂಸ್ಥೆ ಅದನ್ನು ಕೊಳ್ಳುವಷ್ಟು ಎತ್ತರಕ್ಕೇರಿತು. ಕೊಂಕಣ ರೈಲು 1998ರಿಂದ ಕುಮಟಾ, ಹೊನ್ನಾವರ, ಭಟ್ಕಳಗಳನ್ನು ಮಂಗಳೂರು ಮತ್ತು ಮುಂಬಯಿಗಳೊಡನೆ ಬೆಸೆದಿದೆ. ಭಟ್ಕಳದಲ್ಲಿ 1980ರಿಂದ ಅಂಜುಮನ್ ಎಂಜಿನಿಯರಿಂಗ್ ಕಾಲೇಜು ನಡೆಯುತ್ತಿದೆ. ನಾಲ್ಕಾರು ಸಂಸ್ಥೆಗಳು ಸೇರಿ ಹೊನ್ನಾವರ ಅಥವಾ ಕುಮಟಾದಲ್ಲಿ ಜನರೇಟರ್, ಎರಡು ಪ್ರತ್ಯೇಕ ಅಂತರಜಾಲ ಸಂಪರ್ಕ, ಹತ್ತಿಪ್ಪತ್ತು ಆಸನಗಳುಳ್ಳ ಹಂಚಿಕೆಯ ಕಚೇರಿಯೊಂದನ್ನು ನಡೆಸಿದರೆ, ಗೇರುಸೊಪ್ಪದ ನೌಕರನಿಗೆ ಜಿಲ್ಲೆಯೊಳಗೇ ಕೆಲಸದ ಸ್ಥಳ ದೊರೆಯುತ್ತದೆ. ಸ್ಥಳೀಯ ವಾಣಿಜ್ಯ ಸಂಘಗಳು ಇದರಲ್ಲಿ ಮುಂದಾಳತ್ವ ವಹಿಸಬಹುದು.

ಜುಲೈ ತಿಂಗಳ ಪರೀಕ್ಷೆ

ಬೆಂಗಳೂರಿನಲ್ಲಿ ಕುಳಿತು ರೂಪಿಸಿದ ನೀತಿಗೆ ನಿಜವಾದ ಪರೀಕ್ಷೆ ಉತ್ತರ ಕನ್ನಡದ ಜುಲೈ ತಿಂಗಳು. ಗೇರುಸೊಪ್ಪದಲ್ಲಿ 240 ಮೆಗಾವಾಟ್ ಸಾಮರ್ಥ್ಯದ ಶರಾವತಿ ಟೇಲ್‌ರೇಸ್ ವಿದ್ಯುದಾಗಾರವಿದೆ. ನದಿಯ ಮೇಲ್ಭಾಗದಲ್ಲಿ 1,035 ಮೆಗಾವಾಟ್‌ನ ಶರಾವತಿ ವಿದ್ಯುದಾಗಾರವಿದೆ. ರಾಜ್ಯಕ್ಕೇ ಬೆಳಕು ನೀಡುವ ಕಣಿವೆಯ ಮನೆಗಳಲ್ಲಿ ಗಾಳಿಮಳೆಗೆ ಮರವೊಂದು ತಂತಿಯ ಮೇಲೆ ಬಿದ್ದರೆ ಕತ್ತಲೆ. ಮೊಬೈಲ್ ಗೋಪುರದ ಬ್ಯಾಟರಿ ಮುಗಿದರೆ ಸಂಪರ್ಕವೂ ಇಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಹಾನಿಯಾಗಿ, ರಾಷ್ಟ್ರೀಯ ಹೆದ್ದಾರಿ 66ರ ಸಂಚಾರ ಹಲವು ದಿನ ನಿಂತುಹೋದುದನ್ನು ಜಿಲ್ಲೆ ಮರೆತಿಲ್ಲ. ಲಾಕ್‌ಡೌನಿನ ವರ್ಷಗಳಲ್ಲಿ ಮಲೆನಾಡಿನ ವಿದ್ಯಾರ್ಥಿಗಳು ಪಾಠ ಕೇಳಲು ಗುಡ್ಡ ಹತ್ತಿ, ಮಳೆಯಲ್ಲಿ ಕೊಡೆ ಹಿಡಿದು ಕುಳಿತ ದೃಶ್ಯಗಳೂ ಹಳೆಯವಲ್ಲ.

ಹಾಗೆಂದು ಈ ಊರಿನವರಿಗೆ ಕೆಲಸ ಕೊಡಬಾರದೆಂದಲ್ಲ; ನೀತಿ ಈ ವಾಸ್ತವವನ್ನು ಒಳಗೊಳ್ಳಬೇಕೆಂದು ಅರ್ಥ. ಫೈಬರ್ ಹಾಗೂ ಮೊಬೈಲ್ ಎಂಬ ಎರಡು ಸಂಪರ್ಕಗಳ ಖರ್ಚು, ಇನ್ವರ್ಟರ್, ಸರಿಯಾದ ಕುರ್ಚಿ ಇವು ನೌಕರನ ವೈಯಕ್ತಿಕ ಸೌಕರ್ಯಗಳಲ್ಲ, ಸಂಸ್ಥೆಯ ಉಪಕರಣಗಳು. ಕಚೇರಿಯಲ್ಲಿ ವಿದ್ಯುತ್ ಬಿಲ್ಲನ್ನು ನೌಕರರಿಂದ ವಸೂಲು ಮಾಡುವ ಪದ್ಧತಿ ಎಲ್ಲಿಯೂ ಇರಲಿಲ್ಲ. ಪ್ರಕೃತಿ ವಿಕೋಪದಿಂದ ಸಂಪರ್ಕ ಕಡಿದ ದಿನವನ್ನು ಗೈರುಹಾಜರಿಯೆಂದು ಪರಿಗಣಿಸದ ನಿಯಮವೂ ಬೇಕು. ಅಂತಹ ದಿನಗಳಿಗಾಗಿಯೇ ಪ್ರತಿ ಕೆಲಸಕ್ಕೂ ಒಬ್ಬ ಬದಲಿ ಹೊಣೆಗಾರನನ್ನು, ಬೇರೊಂದು ಜಿಲ್ಲೆಯಲ್ಲಿರುವವನನ್ನು, ಮೊದಲೇ ಗೊತ್ತುಮಾಡಿರಬೇಕು.

ಗಡಿಯಾರದ ವಿಷಯವನ್ನು ಬಿಡುವಂತಿಲ್ಲ. ಬೀಗ ಹಾಕುವ ಬಾಗಿಲಿಲ್ಲದಿದ್ದರೆ ಕೆಲಸ ರಾತ್ರಿಯವರೆಗೆ ಹರಡಿಕೊಳ್ಳುತ್ತದೆ. 1961ರ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ನಿಗದಿಪಡಿಸಿದ ದಿನಕ್ಕೆ 9 ಹಾಗೂ ವಾರಕ್ಕೆ 48 ಗಂಟೆಗಳ ಮಿತಿಯ ಹಿಂದಿನ ವಿವೇಕ ಮನೆಯಲ್ಲಿ ಕುಳಿತವರಿಗೂ ಅನ್ವಯಿಸುತ್ತದೆ. ಸಂಜೆ 6ರ ಅನಂತರ ಮತ್ತು ರಜಾದಿನಗಳಲ್ಲಿ ಕೆಲಸದ ಸಂದೇಶಗಳನ್ನು ಕಳುಹಿಸಬಾರದೆಂಬ ಕ್ರಮವನ್ನು 2021ರಲ್ಲಿ ಝೆರೋಧಾ ಪ್ರಕಟಿಸಿದ್ದು ಅನುಕರಣೀಯ. ಮಹಿಳಾ ಸಿಬ್ಬಂದಿಗೆ ಇದರ ಮಹತ್ವ ಇನ್ನೂ ಹೆಚ್ಚು. 2017ರ ತಿದ್ದುಪಡಿಯ ಅನಂತರ ಹೆರಿಗೆ ಸೌಲಭ್ಯ ಕಾಯ್ದೆಯು ರಜೆ ಮುಗಿದ ಮೇಲೆ, ಕೆಲಸದ ಸ್ವರೂಪ ಅವಕಾಶ ನೀಡಿದರೆ, ಪರಸ್ಪರ ಒಪ್ಪಂದದ ಮೇರೆಗೆ ಮನೆಯಿಂದ ಕೆಲಸಕ್ಕೆ ದಾರಿ ತೆರೆಯಿತು. ಆದರೆ ಮನೆಗೆಲಸ ಮತ್ತು ಕಚೇರಿ ಕೆಲಸಗಳ ನಡುವೆ ಗೆರೆಯೇ ಇಲ್ಲದಿದ್ದರೆ ಆ ಸೌಲಭ್ಯ ಎರಡು ಪಾಳಿಯ ದುಡಿಮೆಯಾಗುತ್ತದೆ. 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯ ‘ಕೆಲಸದ ಸ್ಥಳ’ದ ವ್ಯಾಖ್ಯೆಯಲ್ಲಿ ವಾಸದ ಮನೆಯೂ ಸೇರಿದೆ ಎಂಬುದನ್ನು, 10 ಅಥವಾ ಹೆಚ್ಚು ನೌಕರರಿರುವಲ್ಲಿ ಆಂತರಿಕ ಸಮಿತಿ ಕಡ್ಡಾಯವೆಂಬುದನ್ನು ಮರೆಯುವಂತಿಲ್ಲ. ಹಂತಹಂತವಾಗಿ ಜಾರಿಗೆ ಬರುತ್ತಿರುವ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಭದ್ರತಾ ಲೋಪಕ್ಕೆ ₹250 ಕೋಟಿಯವರೆಗೆ ದಂಡ ವಿಧಿಸಲು ಅವಕಾಶ ನೀಡುತ್ತದೆ. ಗ್ರಾಹಕರ ವಿವರಗಳು ಮನೆಮನೆಯ ಕಂಪ್ಯೂಟರುಗಳಲ್ಲಿ ಚದುರಿರುವ ಸಂಸ್ಥೆಗೆ ಇದು ನೇರ ಎಚ್ಚರಿಕೆ.

ಆಕ್ಷೇಪಣೆಗಳು

ಎಲ್ಲ ಉದ್ಯಮಗಳಿಗೂ ಈ ವ್ಯವಸ್ಥೆ ಹೊಂದುವುದಿಲ್ಲ. ಗೇರುಬೀಜ ಕಾರ್ಖಾನೆಯಾಗಲಿ, ಮೀನು ಸಂಸ್ಕರಣಾ ಘಟಕವಾಗಲಿ ಮನೆಯಿಂದ ನಡೆಯಲಾರದು. ಹೊಸದಾಗಿ ಪದವಿ ಮುಗಿಸಿ ಬಂದವರಿಗೆ ಮೊದಲ ಒಂದೆರಡು ವರ್ಷ ಹಿರಿಯರ ಸಾಮೀಪ್ಯ ಬೇಕೆಂಬ ವಾದದಲ್ಲಿಯೂ ಹುರುಳಿದೆ. ಕಣ್ಣೆದುರಿಗಿಲ್ಲದ ನೌಕರ ದುಡಿಯುತ್ತಿದ್ದಾನೆಯೇ ಎಂಬ ಶಂಕೆ ಮಾಲೀಕರಿಗೆ ಸಹಜ. ಆದರೆ ಆ ಶಂಕೆಗೆ ಪರಿಹಾರವಾಗಿ ಕೀಲಿಮಣೆಯ ಪ್ರತಿ ಒತ್ತನ್ನೂ ಎಣಿಸುವ ತಂತ್ರಾಂಶ ತರುವುದು, ಗಂಟೆಗೊಮ್ಮೆ ಛಾಯಾಚಿತ್ರ ಕೇಳುವುದು ರೋಗಕ್ಕಿಂತ ಕೆಟ್ಟ ಮದ್ದು. ವಾರದ ಆರಂಭದಲ್ಲಿ ಒಪ್ಪಿಕೊಂಡ ಕೆಲಸ ವಾರದ ಕೊನೆಗೆ ಮುಗಿಯಿತೇ ಎಂಬುದೇ ಅಳತೆಯಾಗಬೇಕು. ಕಾಳುಮೆಣಸನ್ನು ಕೊಂಡವನು ನೋಡಿದ್ದು ತೂಕ ಮತ್ತು ಗುಣವನ್ನು. ಬೆಳೆಗಾರ ತೋಟದಲ್ಲಿ ಎಷ್ಟು ಹೊತ್ತು ನಿಂತಿದ್ದನೆಂಬುದನ್ನಲ್ಲ.

ಪೂರ್ತಿ ದೂರದ ಕೆಲಸ ಸಾಧ್ಯವಿಲ್ಲವೆನ್ನುವ ಸಂಸ್ಥೆ ಮಿಶ್ರ ವ್ಯವಸ್ಥೆಯನ್ನು ಪ್ರಾಮಾಣಿಕವಾಗಿ ಆರಿಸಿಕೊಳ್ಳಬಹುದು. ಹಿಂದೆ ಹೇಳಿದ ಚೀನಾದ ಅದೇ ಸಂಸ್ಥೆಯಲ್ಲಿ 1,612 ನೌಕರರ ಮೇಲೆ ನಡೆದು 2024ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ವಾರಕ್ಕೆ ಎರಡು ದಿನ ಮನೆಯಿಂದ ಕೆಲಸ ಮಾಡಿದವರ ರಾಜೀನಾಮೆಗಳು ಮೂರನೆಯ ಒಂದು ಭಾಗದಷ್ಟು ಇಳಿದವು. ಕಾರ್ಯಸಾಧನೆಗಾಗಲಿ ಬಡ್ತಿಗಾಗಲಿ ಧಕ್ಕೆಯಾಗಲಿಲ್ಲ. ಆದರೆ ವಾರಕ್ಕೆ ಮೂರು ದಿನ ಬೆಂಗಳೂರಿನಲ್ಲಿರಬೇಕಾದವನು ಗೇರುಸೊಪ್ಪದಲ್ಲಿ ಸಂಸಾರ ಹೂಡಲಾರ. ಮಿಶ್ರ ವ್ಯವಸ್ಥೆಯನ್ನು ಶಾಶ್ವತ ದೂರದ ಕೆಲಸವೆಂದು ಕರೆಯುವುದು ನೌಕರನನ್ನು ದಾರಿ ತಪ್ಪಿಸಿದಂತೆ.

ನೇಮಕಾತಿ ಪತ್ರದಲ್ಲಿ ಬರೆಯಲಿ

ಕಾನೂನಿನ ಅಡ್ಡಿ ಈಗ ಬಹುಮಟ್ಟಿಗೆ ನಿವಾರಣೆಯಾಗಿದೆ. ಬಿಪಿಒ ಮುಂತಾದ ಸೇವಾ ಸಂಸ್ಥೆಗಳ ಮೇಲೆ ದೂರಸಂಪರ್ಕ ಇಲಾಖೆ ಹಿಂದೆ ವಿಧಿಸಿದ್ದ ಷರತ್ತುಗಳು 2020ರ ನವೆಂಬರ್ ಮತ್ತು 2021ರ ಜೂನ್‌ನ ಹೊಸ ಮಾರ್ಗಸೂಚಿಗಳಿಂದ ಸಡಿಲಗೊಂಡವು. 2020ರ ಡಿಸೆಂಬರ್ ಕೊನೆಯಲ್ಲಿ ಕೇಂದ್ರ ಕಾರ್ಮಿಕ ಸಚಿವಾಲಯ ಪ್ರಕಟಿಸಿದ ಸೇವಾ ವಲಯದ ಮಾದರಿ ಸ್ಥಾಯೀ ಆದೇಶಗಳ ಕರಡು, ಮನೆಯಿಂದ ಕೆಲಸವನ್ನು ನೇಮಕಾತಿಯ ಷರತ್ತು ಅಥವಾ ಉಭಯರ ಒಪ್ಪಂದಕ್ಕೆ ಬಿಟ್ಟಿತು. ಅಂದರೆ ಕೊನೆಗೆ ಎಲ್ಲವೂ ನಿಂತಿರುವುದು ಬರೆದುಕೊಂಡ ಕರಾರಿನ ಮೇಲೆ.

ಆದುದರಿಂದ ಸದಸ್ಯ ಸಂಸ್ಥೆಗಳು ಶಾಶ್ವತ ಎಂಬ ಪದವನ್ನು ಬಳಸುವ ಮುನ್ನ ಅದನ್ನು ನೇಮಕಾತಿ ಪತ್ರದಲ್ಲಿ ಬರೆಯಲು ಸಿದ್ಧರಿದ್ದೇವೆಯೇ ಎಂದು ತಮ್ಮನ್ನು ತಾವೇ ಕೇಳಿಕೊಳ್ಳುವುದು ಒಳಿತು. ಕೆಲಸದ ಸ್ಥಳ ನೌಕರನ ಮನೆಯೆಂದು ನಮೂದಾಗಲಿ. ವರ್ಷಕ್ಕೆ ಎಷ್ಟು ದಿನ ಭೇಟಿಗೆ ಬರಬೇಕು, ಅದರ ಖರ್ಚು ಯಾರದು, ಉಪಕರಣ ಯಾರದು ಎಂಬುದು ಸ್ಪಷ್ಟವಾಗಲಿ. ವ್ಯವಹಾರದ ಕಾರಣಕ್ಕೆ ಮರಳಿ ಕರೆಯಬೇಕಾದರೆ ಒಂದು ಶಾಲಾ ವರ್ಷ ಮುಗಿಯುವಷ್ಟು ಕಾಲಾವಕಾಶ ಮತ್ತು ಸ್ಥಳಾಂತರದ ವೆಚ್ಚ ನೀಡುವ ಷರತ್ತು ಇರಲಿ. ಇಂತಹದೊಂದು ಮಾದರಿ ಕರಾರನ್ನು ವಾಣಿಜ್ಯ ಮಂಡಳಿಗಳೇ ಕನ್ನಡದಲ್ಲಿ ಸಿದ್ಧಪಡಿಸಿ ಸದಸ್ಯರಿಗೆ ಒದಗಿಸಿದರೆ ಸಣ್ಣ ಸಂಸ್ಥೆಗಳಿಗೆ ವಕೀಲರ ಶುಲ್ಕ ಉಳಿದೀತು.

ಇಷ್ಟನ್ನು ಬರೆಯಲು ಸಾಧ್ಯವಿಲ್ಲದ ಸಂಸ್ಥೆ ‘ಸದ್ಯಕ್ಕೆ ಮನೆಯಿಂದ ಕೆಲಸ’ ಎನ್ನಲಿ. ಅದರಲ್ಲಿ ಅಗೌರವವೇನೂ ಇಲ್ಲ. ಆಗ ಬೆಂಗಳೂರಿನ ಮನೆಯನ್ನು ಬಿಡಬೇಕೇ, ಊರಿನ ಮನೆಗೆ ಕೋಣೆ ಕಟ್ಟಿಸಬೇಕೇ ಎಂಬುದನ್ನು ನೌಕರ ತಾನೇ ಲೆಕ್ಕ ಹಾಕಿಕೊಳ್ಳುತ್ತಾನೆ.